ಓಟಿಟಿಗಳು ಇಷ್ಟೊಂದು ಒರಿಜಿನಲ್ ಸೀರೀಸ್ ಯಾಕೆ ಮಾಡ್ತವೆ? ಕನ್ನಡಕ್ಕೆ ಮಾತ್ರ ಯಾಕಿಲ್ಲ?

ಪರದೆಪ್ರಿಯ
ಯಾವ ಆ್ಯಪ್ ತೆರೆದರೂ ಪ್ರತಿ ವಾರ ಹೊಸ ಒರಿಜಿನಲ್ ಸೀರೀಸ್‌ಗಳ ಸಾಲು. ಅರ್ಧಕ್ಕರ್ಧ ಯಾರೂ ನೋಡಲ್ಲ, ಮುಂದಿನ ಸೀಸನ್ನೂ ಬರಲ್ಲ. ಒಳ್ಳೆಯ ಹಳೇ ಸಿನಿಮಾ ಹುಡುಕಿದ್ರೆ ಮಾತ್ರ ಸಿಗಲ್ಲ. ಹಳೆಯದನ್ನ ಕೊಂಡು ಹಾಕೋದು ಹೊಸದನ್ನ ಮಾಡೋದಕ್ಕಿಂತ ಅಗ್ಗ ಅಲ್ವಾ? ಇಷ್ಟೆಲ್ಲ ಮಾಡೋರು ಕನ್ನಡಕ್ಕೆ ಬಂದಾಗ ಯಾಕೆ ಕೈ ಕಟ್ಟಿ ಕೂರ್ತಾರೆ? ದುಡ್ಡಿನ ಲೆಕ್ಕ ಗೊತ್ತಿರೋರು ಬಿಡಿಸಿ ಹೇಳಿ.

ಹಕ್ಕುಪತ್ರ
ಶುರುವಿನಿಂದ ನೋಡಿದ್ರೆ ಎಲ್ಲ ಹಕ್ಕಿನ ಪ್ರಶ್ನೆನೇ. ನೆಟ್‌ಫ್ಲಿಕ್ಸ್ ಅಮೆರಿಕದಲ್ಲಿ ಡಿವಿಡಿಯನ್ನ ಅಂಚೆಯಲ್ಲಿ ಬಾಡಿಗೆಗೆ ಕಳಿಸ್ತಿದ್ದಾಗ ಯಾವ ಸ್ಟುಡಿಯೋದ ಅನುಮತಿಯೂ ಬೇಕಿರಲಿಲ್ಲ. ಅಲ್ಲಿನ ಕಾನೂನಿನ ಪ್ರಕಾರ, ದುಡ್ಡು ಕೊಟ್ಟು ಕೊಂಡ ಡಿಸ್ಕನ್ನ ಬಾಡಿಗೆಗೆ ಕೊಡಬಹುದು. 2007ರಲ್ಲಿ ಸ್ಟ್ರೀಮಿಂಗ್ ಶುರುವಾದ ಕೂಡಲೇ ಆ ಅನುಕೂಲ ಹೋಯ್ತು. ಸ್ಟ್ರೀಮ್ ಮಾಡೋಕೆ ಪ್ರತಿ ಚಿತ್ರಕ್ಕೂ, ಪ್ರತಿ ದೇಶಕ್ಕೂ, ಇಂತಿಷ್ಟು ವರ್ಷಕ್ಕೆ ಅಂತ ಬೇರೆ ಬೇರೆ ಲೈಸೆನ್ಸ್ ಬೇಕು.

2008ರಲ್ಲಿ ಸ್ಟಾರ್ಜ್ ಅನ್ನೋ ಪೇ ಚಾನೆಲ್ ಜೊತೆ ಒಪ್ಪಂದ ಆಯ್ತು. ಡಿಸ್ನಿ, ಸೋನಿ ಚಿತ್ರಗಳೆಲ್ಲ ಅದರ ಮೂಲಕವೇ ಬಂದವು. 2011ರಲ್ಲಿ ಸ್ಟಾರ್ಜ್ ನವೀಕರಿಸಲ್ಲ ಅಂದಿತು, 2012ರ ಫೆಬ್ರವರಿ ಕೊನೆಗೆ ಅದರ ಮೂಲಕ ಬಂದು ಉಳಿದಿದ್ದ ಚಿತ್ರಗಳೂ ಹೋದವು. ಮರುವರ್ಷ, 2013ರ ಫೆಬ್ರವರಿ 1ಕ್ಕೆ, 'ಹೌಸ್ ಆಫ್ ಕಾರ್ಡ್ಸ್' ಬಂತು. ಎರಡು ಸೀಸನ್, 26 ಕಂತು, ಸುಮಾರು 10 ಕೋಟಿ ಡಾಲರ್ ಅಂತ ಆಗ ವರದಿಯಾಗಿತ್ತು. ಬಾಡಿಗೆ ಮಳಿಗೆಯಲ್ಲಿ ವ್ಯಾಪಾರ ಕುದುರಿದ ಮೇಲೆ ಮಾಲೀಕನೇ ಅಲ್ಲಿ ಅಂಗಡಿ ಹಾಕ್ತಾನೆ ಅನ್ನೋದು ಗೊತ್ತಾದಾಗ ಸ್ವಂತ ಜಾಗ ಹುಡುಕಲೇಬೇಕಾಗುತ್ತೆ.

ಮಾಲೀಕರು ಅದನ್ನೇ ಮಾಡಿದ್ರು. ಡಿಸ್ನಿ 2017ರಲ್ಲೇ ತನ್ನ ಚಿತ್ರಗಳನ್ನ ವಾಪಸ್ ತಗೊಳ್ತೀನಿ ಅಂತ ಘೋಷಿಸಿ, 2019ರ ನವೆಂಬರ್‌ನಲ್ಲಿ ತನ್ನದೇ ಸೇವೆ ತೆರೆಯಿತು. 'ಫ್ರೆಂಡ್ಸ್'ಗೆ 2019 ಒಂದೇ ವರ್ಷಕ್ಕೆ ನೆಟ್‌ಫ್ಲಿಕ್ಸ್ ಸುಮಾರು 10 ಕೋಟಿ ಡಾಲರ್ ಕೊಟ್ಟಿತು ಅಂತ ವರದಿ; 2020ರಲ್ಲಿ ಅದು ಮಾಲೀಕರಾದ ವಾರ್ನರ್‌ನವರದ್ದೇ ಆ್ಯಪ್ ಎಚ್‌ಬಿಒ ಮ್ಯಾಕ್ಸ್‌ಗೆ ಹೋಯ್ತು. 'ದಿ ಆಫೀಸ್' 2021ರ ಜನವರಿಯಲ್ಲಿ ಅದರ ಮಾಲೀಕರದ್ದೇ ಆ್ಯಪ್ ಪೀಕಾಕ್‌ಗೆ ಹೋಯ್ತು, ಐದು ವರ್ಷಕ್ಕೆ 50 ಕೋಟಿ ಡಾಲರ್ ಲೆಕ್ಕದಲ್ಲಿ. ಹಳೆಯದು ಅಗ್ಗ ಅನ್ನೋ ಲೆಕ್ಕ ಇಲ್ಲೇ ತಪ್ಪೋದು. ಜನ ನಿಜವಾಗಿ ನೋಡೋ ಹಳೆಯದು ಅಗ್ಗ ಅಲ್ಲ, ಹಣ ಕೊಟ್ಟರೂ ಅವಧಿ ಮುಗಿದ ಮೇಲೆ ಕೈಯಲ್ಲಿ ಏನೂ ಉಳಿಯಲ್ಲ.

ಕಪ್ಪುಬಿಳುಪು
ಇದೊಂದೇ ಕಾರಣ ಅಂದ್ರೆ ಒಪ್ಪಲ್ಲ. ಆ್ಯಪಲ್‌ಗೆ ಕಳ್ಕೊಳ್ಳೋಕೆ ಹಳೇ ಚಿತ್ರಗಳೇ ಇರಲಿಲ್ಲವಲ್ಲ? 2019ರಲ್ಲಿ ಅವರು ಬರೀ ಒರಿಜಿನಲ್ ಇಟ್ಕೊಂಡೇ ಬಂದ್ರು.

ಹಕ್ಕುಪತ್ರ
@ಕಪ್ಪುಬಿಳುಪು ಆ್ಯಪಲ್, ಅಮೆಜಾನ್ ಲೆಕ್ಕ ಬೇರೆ, ಅವರಿಗೆ ಸೀರೀಸ್ ಮುಖ್ಯ ವ್ಯಾಪಾರ ಅಲ್ಲ. ಒಬ್ಬರಿಗೆ ಫೋನ್, ಇನ್ನೊಬ್ಬರಿಗೆ ಪ್ರೈಮ್ ಸದಸ್ಯತ್ವ. ಹಾಗಂತ ಅಮೆಜಾನ್ ಹಳೆಯದನ್ನ ಬಿಟ್ಟಿಲ್ಲ. 2022ರಲ್ಲಿ ಎಂಜಿಎಂ ಸ್ಟುಡಿಯೋವನ್ನೇ 850 ಕೋಟಿ ಡಾಲರ್‌ಗೆ ಕೊಂಡಿತು. ಬಾಡಿಗೆಗೆ ಇರೋ ಬದಲು ಕಟ್ಟಡವನ್ನೇ ಕೊಂಡ ಹಾಗಾಯ್ತು.

ತೆರೆಮರೆ
ಒಂದು ತಿದ್ದುಪಡಿ. ಒರಿಜಿನಲ್ ಅಂತ ಹಾಕಿದ್ದೆಲ್ಲ ಅವರ ಸ್ವಂತದ್ದಲ್ಲ. 'ಹೌಸ್ ಆಫ್ ಕಾರ್ಡ್ಸ್' ಮೀಡಿಯಾ ರೈಟ್ಸ್ ಕ್ಯಾಪಿಟಲ್ ಅನ್ನೋ ಕಂಪನಿದು. ಹೊರದೇಶಗಳಿಗೆ ಅದನ್ನ ಮಾರಿದ್ದು ಸೋನಿ. ಭಾರತದಲ್ಲಿ ಅದು ಮೊದಲು ಬಂದಿದ್ದು ಝೀ ಕೆಫೆ ಚಾನೆಲ್‌ನಲ್ಲಿ. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಒಂದೇ ದಿನ 130 ಹೊಸ ದೇಶಗಳಿಗೆ ಕಾಲಿಟ್ಟಾಗ, ತನ್ನದೇ ಹೆಸರಿನ ಸೀರೀಸ್‌ಗೆ ಕೆಲವು ದೇಶಗಳಲ್ಲಿ ಬೇರೆಯವರ ಹಕ್ಕು ಅಡ್ಡ ಇತ್ತು. 'ಬೆಟರ್ ಕಾಲ್ ಸಾಲ್' ಅಮೆರಿಕದಲ್ಲಿ ಎಎಂಸಿ ಚಾನೆಲ್‌ನದು, ನಮ್ಮಲ್ಲಿ ಮಾತ್ರ ನೆಟ್‌ಫ್ಲಿಕ್ಸ್ ಒರಿಜಿನಲ್ ಅಂತ ಹಣೆಪಟ್ಟಿ.

ಹಾಗಾಗಿ ಆ ಪಟ್ಟಿ ಕೆಳಗೆ ನಾಲ್ಕು ಥರದ ಸರಕು ಇರುತ್ತೆ: ತಾವೇ ದುಡ್ಡು ಹಾಕಿ ಪೂರ್ತಿ ಹಕ್ಕು ಇಟ್ಕೊಂಡಿದ್ದು, ಬೇರೆ ಸ್ಟುಡಿಯೋದಿಂದ ಮೊದಲ ಪ್ರದರ್ಶನದ ಹಕ್ಕು ಮಾತ್ರ ಪಡೆದಿದ್ದು, ಯಾವುದೋ ದೇಶದ ಚಾನೆಲ್ ಜೊತೆ ಪಾಲುದಾರಿಕೆಯದ್ದು, ಮೂಲ ದೇಶ ಬಿಟ್ಟು ಉಳಿದ ಕಡೆ ಹಕ್ಕು ಕೊಂಡಿದ್ದು. ಮೊದಲನೇ ಥರದ್ದು ಜಾಸ್ತಿಯಾಗಿದ್ದೇ 2016ರ ಆಚೀಚೆ. 'ಸ್ಟ್ರೇಂಜರ್ ಥಿಂಗ್ಸ್' ಅದಕ್ಕೆ ಒಳ್ಳೆ ಉದಾಹರಣೆ. 190 ದೇಶಕ್ಕೆ ಹೋದಮೇಲೆ ಪ್ರತಿ ದೇಶಕ್ಕೆ ಬೇರೆ ಬೇರೆ ಚೌಕಾಸಿ ಮಾಡೋ ಬದಲು ಜಗತ್ತಿನ ಹಕ್ಕು ಒಂದೇ ಸಲ ಕೈಗೆ ಬರೋದು ಸಲೀಸು. ಆಮೇಲೆ ಹೊಸ ದೇಶಕ್ಕೆ ತಗಲೋದು ಸಬ್‌ಟೈಟಲ್, ಡಬ್ಬಿಂಗ್ ಖರ್ಚು ಮಾತ್ರ.

ಲೆಕ್ಕಿಗ_ಹುಬ್ಬಳ್ಳಿ
ತೆರೆಮರೆ ಹೇಳಿದ್ದು ಖರೆ ಅದ. ರೊಕ್ಕದ ಕಡೆಯಿಂದನೂ ನೋಡ್ರಿ. ಈ ಸ್ವಂತ ಸೀರೀಸ್ ಒಪ್ಪಂದಕ್ಕ 'ಕಾಸ್ಟ್ ಪ್ಲಸ್' ಅಂತಾರ. ತಯಾರಿಕೆಯ ಪೂರಾ ಖರ್ಚು, ಅದರ ಮ್ಯಾಲೆ ಇಷ್ಟು ಪರ್ಸೆಂಟ್ ಲಾಭ, ಎರಡನ್ನೂ ವೇದಿಕೆನೇ ಕೊಡ್ತದ. ನಿರ್ಮಾಪಕಗ ನಷ್ಟದ ಭಯ ಇಲ್ಲ, ಆದ್ರ ಹಕ್ಕೂ ಇಲ್ಲ. ಹಿಟ್ ಆದ್ರ ಮ್ಯಾಲಿನ ಲಾಭ ಎಲ್ಲಾ ವೇದಿಕೆಗೇ. 'ಸ್ಕ್ವಿಡ್ ಗೇಮ್' ಮೊದಲ ಸೀಸನ್ನಿಗೆ ಆಗಿದ್ದು ಸುಮಾರು 2.14 ಕೋಟಿ ಡಾಲರ್ ಖರ್ಚು, ನೆಟ್‌ಫ್ಲಿಕ್ಸ್‌ಗೆ ಅದು ತಂದ ಮೌಲ್ಯ 89 ಕೋಟಿ ಡಾಲರ್ ಅಂತ ಕಂಪನಿಯ ಒಳಗಿನ ಅಂದಾಜು ಬ್ಲೂಮ್‌ಬರ್ಗ್‌ನ್ಯಾಗ ಬಂದಿತ್ತು. ನಿರ್ದೇಶಕರಿಗೆ ಮೂಲ ಒಪ್ಪಂದದಾಗ ಬರೆದಷ್ಟೇ ಸಿಕ್ಕಿತು ಅಂತ ಅವರೇ ಸಂದರ್ಶನದಾಗ ಹೇಳ್ಯಾರ. ಇಂಥದ್ದೊಂದು ಹಿಟ್ ಹತ್ತಾರು ಸೋತಿದ್ದರ ಖರ್ಚು ತೀರಿಸ್ತದ. ಯಾವುದು ಹಿಟ್ ಆಗ್ತದ ಅಂತ ಮೊದಲೇ ಹೇಳಾಕ ಆಗಂಗಿಲ್ಲ, ಅದಕ್ಕ ಬೀಜ ಜಾಸ್ತಿ ಬಿತ್ತತಾರ.

ಎರಡನೇದು ಲೆಕ್ಕದ ಪುಸ್ತಕ. 100 ಕೋಟಿ ರೂಪಾಯಿ ಹಾಕಿ ಸೀರೀಸ್ ಮಾಡಿದ್ರ ಅದು ಆ ವರ್ಷದ ಖರ್ಚು ಅಂತ ಬೀಳಂಗಿಲ್ಲ, ಆಸ್ತಿ ಅಂತ ಕೂಡ್ತದ. ತೆರೆಗೆ ಬಂದ ತಿಂಗಳಿಂದ ಸ್ವಲ್ಪ ಸ್ವಲ್ಪ ಖರ್ಚಿಗೆ ಇಳಿಸ್ತಾರ. ಸರಾಸರಿ ತಗೊಂಡ್ರ ನಾಲ್ಕು ವರ್ಷದಾಗ 90 ಪರ್ಸೆಂಟ್‌ಗಿಂತ ಹೆಚ್ಚು ಇಳೀತದ ಅಂತ ನೆಟ್‌ಫ್ಲಿಕ್ಸ್ ವಾರ್ಷಿಕ ವರದಿಯಾಗ ಐತಿ. ಅಂದ್ರ ಕೈಯಿಂದ ರೊಕ್ಕ ಮೊದಲೇ ಹೋಗ್ತದ, ಪುಸ್ತಕದಾಗ ಖರ್ಚು ತಡವಾಗಿ ಕಾಣಸ್ತದ. 2019ರಾಗ ಆ ಕಂಪನಿ ತೋರಿಸಿದ್ದು 187 ಕೋಟಿ ಡಾಲರ್ ನಿವ್ವಳ ಲಾಭ. ಅದೇ ವರ್ಷ ಕೈಯಿಂದ ಹೋದ ನಗದು, ಬಂದಿದ್ದಕ್ಕಿಂತ 330 ಕೋಟಿ ಡಾಲರ್ ಹೆಚ್ಚು. ನಡುವಿನ ಹಣ ಸಾಲ. ಬಡ್ಡಿ ಕಡಿಮಿ ಇದ್ದ ಕಾಲದಾಗ ಅದು ನಡೀತು.

ಪರದೆಪ್ರಿಯ
ಈ ನಗದಿನ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್ ಲೆಕ್ಕಿಗರೇ. ಹಾಗಾದ್ರೆ ತಾವೇ ಮಾಡಿದ ಸೀರೀಸನ್ನ ಕೆಲವರು ಆ್ಯಪ್‌ನಿಂದಲೇ ತೆಗೆದುಹಾಕಿದ್ರಲ್ಲ, ಅದು ಯಾಕೆ? ಸ್ವಂತದ್ದಾದ್ರೆ ಇಟ್ಕೊಳ್ಳೋಕೆ ಖರ್ಚೇನು?

ಲೆಕ್ಕಿಗ_ಹುಬ್ಬಳ್ಳಿ
ಖರ್ಚು ಐತ್ರಿ. ಅಮೆರಿಕದಾಗ ನಟರು, ಬರಹಗಾರರಿಗೆ ಸಂಘದ ಒಪ್ಪಂದದ ಪ್ರಕಾರ ವರ್ಷಾವರ್ಷ ರೆಸಿಡುಯಲ್, ಅಂದ್ರ ಮರುಬಳಕೆಯ ಸಂಭಾವನೆ, ಕೊಡಬೇಕು, ಸೀರೀಸ್ ಆ್ಯಪ್‌ನ್ಯಾಗ ಇರೋ ತನಕ. ತೆಗೆದ್ರ ಅದು ಉಳೀತದ. ಪುಸ್ತಕದಾಗ ಉಳಿದ ಆಸ್ತಿ ಮೌಲ್ಯನೂ ಒಂದೇ ಸಲ ನಷ್ಟ ಅಂತ ಬರೆದು ತೆರಿಗೆಯಾಗ ಕಳೀಬಹುದು. 'ವಿಲೋ' ಸೀರೀಸ್ 2022ರ ನವೆಂಬರ್ ಕೊನೆಗೆ ಡಿಸ್ನಿಯಾಗ ಬಂತು, 2023ರ ಮೇ ತಿಂಗಳಾಗ ಮಾಯ. ಆರು ತಿಂಗಳು! ಅವತ್ತು ಡಜನ್‌ಗಟ್ಟಲೆ ಹೋದವು, ಡಿಸ್ನಿ 150 ಕೋಟಿ ಡಾಲರ್ ನಷ್ಟ ಬರೀತು. ಬೇರೆ ಎಲ್ಲೂ ಡಿಸ್ಕ್ ಇಲ್ಲದ ಕೃತಿ ಹಿಂಗ ಹೋದ್ರ ನೋಡೋ ಹಾದಿನೇ ಇಲ್ಲ. ಇದು ಅನ್ಯಾಯ ಅಂತನೇ ನನ್ನ ಅಭಿಪ್ರಾಯ. ವರ್ಷಗಟ್ಟಲೆ ದುಡಿದವರ ಕೆಲಸ ಅದು.

ಮಸಾಲೆದೋಸೆ_ಮ್ಯಾಟಿನಿ
ಎರಡು ಸೀಸನ್ ಆದ್ಮೇಲೆ ನಿಲ್ಲಿಸೋ ರೋಗಕ್ಕೂ ಇದೇ ಕಾರಣನಾ?

ತೆರೆಮರೆ
@ಮಸಾಲೆದೋಸೆ_ಮ್ಯಾಟಿನಿ ಭಾಗಶಃ. ಸೀಸನ್‌ನಿಂದ ಸೀಸನ್‌ಗೆ ನಟರ ಸಂಭಾವನೆ ಏರುತ್ತೆ, ಕಾಸ್ಟ್ ಪ್ಲಸ್ ಒಪ್ಪಂದಗಳಲ್ಲಿ ಮುಂದಿನ ಸೀಸನ್‌ಗೆ ಹೆಚ್ಚುವರಿ ಬೋನಸ್ ಮೊದಲೇ ಬರೆದಿರುತ್ತೆ. ಖರ್ಚು ಮೇಲೆ ಹೋಗುತ್ತೆ. ಆದ್ರೆ ಮೂರನೇ ಸೀಸನ್ ನೋಡೋಕೆ ಅಂತ ಹೊಸಬರು ಚಂದಾ ಕಟ್ಟೋದು ಕಮ್ಮಿ, ಮೊದಲೆರಡು ನೋಡಿದವರೇ ನೋಡ್ತಾರೆ. ಹಳೇ ಟಿವಿಯಲ್ಲಿ ಉಲ್ಟಾ ಇತ್ತು. ಅಲ್ಲಿ 100 ಕಂತಿನ ಹತ್ತಿರ ಹೋದ್ರೆ ಬೇರೆ ಚಾನೆಲ್‌ಗಳಿಗೆ ಮರುಪ್ರಸಾರಕ್ಕೆ ಮಾರಬಹುದಿತ್ತು, ನಿರ್ಮಾಪಕರ ನಿಜವಾದ ಲಾಭ ಅಲ್ಲೇ. ಓಟಿಟಿಯಲ್ಲಿ ಹಕ್ಕು ಒಬ್ಬರ ಹತ್ತಿರವೇ ಇರೋದ್ರಿಂದ ಆ ಎರಡನೇ ಸಂತೆ ಇಲ್ಲ. ಹಾಗಾಗಿ ದುಡ್ಡು ಹೊಸ ಹೆಸರಿನ ಕಡೆಗೆ ಹೋಗುತ್ತೆ.

ಸಂಕಲನ_ಕೋಣೆ
ಯಾರೂ ಇನ್ನೂ ಚಂದಾ ಬಿಡೋರ ಬಗ್ಗೆ ಮಾತಾಡಿಲ್ಲ. ಒಂದು ಸೀರೀಸ್ ನೋಡಿ ಮುಗಿಸಿ ಮರುದಿನವೇ ರದ್ದು ಮಾಡೋದು ಎರಡು ಕ್ಲಿಕ್ ಕೆಲಸ. 2022ರ ಮೊದಲ ಮೂರು ತಿಂಗಳಲ್ಲಿ ನೆಟ್‌ಫ್ಲಿಕ್ಸ್ 2 ಲಕ್ಷ, ನಂತರದ ಮೂರು ತಿಂಗಳಲ್ಲಿ 9.7 ಲಕ್ಷ ಚಂದಾದಾರರನ್ನ ಕಳ್ಕೊಂಡಿತು. ಆಗಲೇ ಜಾಹೀರಾತಿನ ಅಗ್ಗದ ಪ್ಲಾನ್ ಬಂದಿದ್ದು, ಅದೇ ವರ್ಷ ನವೆಂಬರ್‌ನಲ್ಲಿ. ಪ್ರತಿ ತಿಂಗಳೂ 'ಮುಂದಿನ ವಾರ ಇದೊಂದು ಇದೆ' ಅನ್ನಿಸೋಕೆ ಹೊಸದು ಬೇಕು. ಜರ್ಮನಿಯವರಿಗೊಂದು, ಕೊರಿಯಾದವರಿಗೊಂದು, ಮಕ್ಕಳಿಗೊಂದು, ಅಡುಗೆ ನೋಡೋರಿಗೊಂದು. ಎಲ್ಲರಿಗೂ ಸೇರೋ ಒಂದೇ ಸೀರೀಸ್ ಅಂತ ಇರಲ್ಲ, ಸಂಖ್ಯೆ ಏರೋದೇ ಇದರಿಂದ.

ಕಾನೂನಿನ ಒತ್ತಡನೂ ಇದೆ. ಐರೋಪ್ಯ ಒಕ್ಕೂಟದ 2018ರ ನಿಯಮದಂತೆ ಕ್ಯಾಟಲಾಗ್‌ನಲ್ಲಿ ಕನಿಷ್ಠ 30 ಪರ್ಸೆಂಟ್ ಐರೋಪ್ಯ ಕೃತಿಗಳಿರಬೇಕು. ಫ್ರಾನ್ಸ್ ಇನ್ನೂ ಮುಂದೆ ಹೋಗಿ, 2021ರಿಂದ ಅಲ್ಲಿ ಗಳಿಸೋ ಹಣದ 20ರಿಂದ 25 ಪರ್ಸೆಂಟ್ ಅಲ್ಲಿನ ಮತ್ತು ಯುರೋಪಿನ ಕೃತಿಗಳಿಗೇ ಹಾಕಬೇಕು ಅಂತ ಮಾಡಿದೆ. ಫ್ರೆಂಚ್ ಸೀರೀಸ್ ಇಷ್ಟು ಬರೋದಕ್ಕೆ ಇದೂ ಒಂದು ಕಾರಣ.

ಕಪ್ಪುಬಿಳುಪು
ಎಲ್ಲ ಸರಿ, ಆದರೆ ಜನ ನೋಡೋದು ಹಳೆಯದನ್ನೇ. 2023ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಸ್ಟ್ರೀಮ್ ಆಗಿದ್ದು 'ಸೂಟ್ಸ್'. 2019ರಲ್ಲೇ ಮುಗಿದುಹೋದ ಕೇಬಲ್ ಟಿವಿ ಸೀರೀಸ್ ಅದು! ವೀಕ್ಷಣೆ ಅಳೆಯೋ ನೀಲ್ಸನ್ ಕಂಪನಿಯ ಲೆಕ್ಕದಲ್ಲಿ 5,770 ಕೋಟಿ ನಿಮಿಷ. ಯಾವ ಒರಿಜಿನಲ್ಲೂ ಹತ್ತಿರ ಬರಲಿಲ್ಲ. 9 ಸೀಸನ್, 134 ಕಂತು ಇದ್ರೆ ಜನ ತಿಂಗಳುಗಟ್ಟಲೆ ಕೂರ್ತಾರೆ. 8 ಕಂತಿನ ಒರಿಜಿನಲ್ ಒಂದು ಭಾನುವಾರಕ್ಕೆ ಮುಗಿಯುತ್ತೆ.

ಹಕ್ಕುಪತ್ರ
@ಕಪ್ಪುಬಿಳುಪು ನೋಡೋ ನಿಮಿಷ ಬೇರೆ, ಚಂದಾ ಕಟ್ಟಿಸೋ ಶಕ್ತಿ ಬೇರೆ. 'ಸೂಟ್ಸ್' ನೆಟ್‌ಫ್ಲಿಕ್ಸ್‌ನಲ್ಲೂ ಇತ್ತು, ಪೀಕಾಕ್‌ನಲ್ಲೂ ಇತ್ತು. ಇದ್ದವರನ್ನ ಹಿಡಿದಿಡೋಕೆ ಅದು ಚೆನ್ನ, ಹೊಸಬರನ್ನ ತರೋಕೆ ಬೇರೆಲ್ಲೂ ಸಿಗದ್ದೇ ಬೇಕು. ಎರಡೂ ಬೇಕು ಅನ್ನೋದು ಅವರ ಅಂಕಿಯಲ್ಲೇ ಇದೆ: 2023ರ ಮೊದಲಾರ್ಧದ ವೀಕ್ಷಣೆಯಲ್ಲಿ 55 ಪರ್ಸೆಂಟ್ ಒರಿಜಿನಲ್, 45 ಪರ್ಸೆಂಟ್ ಲೈಸೆನ್ಸ್ ಪಡೆದದ್ದು ಅಂತ ನೆಟ್‌ಫ್ಲಿಕ್ಸೇ ಹೇಳಿದೆ. ನಗದಿಗೆ ಕಷ್ಟವಾದಾಗ ವಾರ್ನರ್‌ನವರೂ 2023ರಲ್ಲಿ ತಮ್ಮ ಎಚ್‌ಬಿಒ ಸೀರೀಸ್‌ಗಳನ್ನ ನೆಟ್‌ಫ್ಲಿಕ್ಸ್‌ಗೆ ಬಾಡಿಗೆಗೆ ಕೊಟ್ಟರು.

ಕಪ್ಪುಬಿಳುಪು
ಅದನ್ನೇ ನಾನೂ ಹೇಳೋದು. ಬಾಗಿಲು ಮತ್ತೆ ತೆರೆದ ಮೇಲೂ ಇಷ್ಟು ಸಾಲ ಮಾಡಿ ಇಷ್ಟು ಮಾಡಬೇಕಿತ್ತಾ ಅನ್ನೋ ಪ್ರಶ್ನೆ ಹಾಗೇ ಇದೆ.

ಕರಾವಳಿ_ಕೂಸು
ಕನ್ನಡದ ಪ್ರಶ್ನೆಗೆ ಬನ್ನಿ ಮಾರಾಯ್ರೇ. ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂದದ್ದು 2016ರಲ್ಲಿ, ಹಿಂದಿಯಲ್ಲಿ ಮೊದಲ ಸೀರೀಸ್ 2018ರ ಜುಲೈಯಲ್ಲಿ. ಪ್ರೈಮ್ ಅದಕ್ಕೂ ಒಂದು ವರ್ಷ ಮೊದಲೇ ಶುರು ಮಾಡಿತ್ತು. ತಮಿಳು, ತೆಲುಗಿಗೂ ಬಂತು. ನಮಗೆ ಲಾಕ್‌ಡೌನ್ ಹೊತ್ತಲ್ಲಿ ಸಿಕ್ಕಿದ್ದು ನೇರ ಬಿಡುಗಡೆ ಸಿನಿಮಾ: 2020ರ ಜುಲೈಯಲ್ಲಿ 'ಲಾ', 'ಫ್ರೆಂಚ್ ಬಿರಿಯಾನಿ', ಎರಡೂ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯದು, ಪ್ರೈಮ್‌ನಲ್ಲಿ. ಸೀರೀಸ್ ಅಂದ್ರೆ ರಕ್ಷಿತ್ ಶೆಟ್ಟಿಯವರ 'ಏಕಂ' ನೋಡಿ. ಕರಾವಳಿಯ ಏಳು ಕತೆಗಳು. ಯಾವ ವೇದಿಕೆಯೂ ತಗೊಳ್ಳಲಿಲ್ಲ, 2024ರ ಜುಲೈಯಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯ್ತು. ಒಳ್ಳೆಯ ಕೆಲಸ ಇಟ್ಟುಕೊಂಡು ಬಾಗಿಲು ತಟ್ಟುತ್ತಾ ಕೂರುವ ಸ್ಥಿತಿ ನಮ್ಮವರಿಗೆ ಯಾಕೆ?

ಲೆಕ್ಕಿಗ_ಹುಬ್ಬಳ್ಳಿ
ಉತ್ತರ ಕಹಿ ಐತಿ. ಅಮೆರಿಕದಾಗ ಜಾಹೀರಾತು ಇಲ್ಲದ ಸಾದಾ ಪ್ಲಾನ್ 2025ರ ಜನವರಿಯಾಗ ತಿಂಗಳಿಗೆ 17.99 ಡಾಲರ್ ಆತು. ಇಲ್ಲಿ 2021ರ ಡಿಸೆಂಬರ್‌ನ್ಯಾಗ ಮೊಬೈಲ್ ಪ್ಲಾನ್ 199ರಿಂದ 149 ರೂಪಾಯಿಗೆ ಇಳೀತು. ಅದರಾಗ ಕನ್ನಡ ಸೀರೀಸ್ ಸಲುವಾಗೇ ಚಂದಾ ಕಟ್ಟೋರು ಎಷ್ಟು ಅಂತ ವೇದಿಕೆ ಕೇಳ್ತದ. ಬೆಂಗಳೂರಿನ ಮಂದಿ ಹಿಂದಿ, ಇಂಗ್ಲಿಷ್, ತೆಲುಗು, ತಮಿಳು ನೋಡಾಕ ಮೊದಲೇ ಕಟ್ಯಾರ. ಇರೋ ಗಿರಾಕಿಗೆ ಹೊಸ ಖರ್ಚು ಯಾಕ ಅನ್ನೋದು ಅವರ ವಾದ.

ಸಂಕಲನ_ಕೋಣೆ
@ಲೆಕ್ಕಿಗ_ಹುಬ್ಬಳ್ಳಿ ಅದು ಅವರ ವಾದ, ಪೂರ್ತಿ ನಿಜ ಅಲ್ಲ. ಮಾಡದೇ ಇದ್ರೆ ಬೇಡಿಕೆ ಅಳೆಯೋದು ಹೇಗೆ? ಮಲಯಾಳಂ ಮಾತಾಡೋರು ಕನ್ನಡದವರಿಗಿಂತ ಕಮ್ಮಿ, ಅಲ್ಲಿ ಡಿಸ್ನಿ ಹಾಟ್‌ಸ್ಟಾರ್ 2023ರಲ್ಲಿ 'ಕೇರಳ ಕ್ರೈಮ್ ಫೈಲ್ಸ್' ಮಾಡಿತು, ಎರಡನೇ ಸೀಸನ್ನೂ ಬಂತು. ಕನ್ನಡದಲ್ಲಿ 2025ರ ಏಪ್ರಿಲ್‌ನಲ್ಲಿ ಝೀ5 'ಅಯ್ಯನ ಮನೆ' ತಂದಿತು, ಆಗಸ್ಟ್‌ನಲ್ಲಿ 'ಶೋಧ'. ಝೀಗೆ ಕನ್ನಡ ಚಾನೆಲ್ ಇದೆ, ಪ್ರಚಾರಕ್ಕೆ ತನ್ನದೇ ಜಾಗ, ನೋಡುಗರ ಪರಿಚಯವೂ ಇದೆ. ಅದಕ್ಕೇ ಈ ಹೆಜ್ಜೆ ಅಲ್ಲಿಂದ ಬಂತು.

ಮಸಾಲೆದೋಸೆ_ಮ್ಯಾಟಿನಿ
ಡಬ್ಬಿಂಗ್ ವಿರೋಧ ಮಾಡಿದ್ದರ ಫಲನೂ ಇರಬಹುದು. ದಶಕಗಟ್ಟಲೆ ಕನ್ನಡಕ್ಕೆ ಡಬ್ ಮಾಡಬಾರದು ಅಂತ ಕಟ್ಟಿ ಹಾಕಿದ್ರು, 2015ರಲ್ಲಿ ಸ್ಪರ್ಧಾ ಆಯೋಗ ಅದು ತಪ್ಪು ಅಂತ ಆದೇಶ ಕೊಡಬೇಕಾಯ್ತು. ಅಷ್ಟರಲ್ಲಿ ನಮ್ಮ ಜನಕ್ಕೆ ಬೇರೆ ಭಾಷೆಯಲ್ಲೇ ನೋಡೋ ಅಭ್ಯಾಸ ಆಗಿತ್ತು.

ಕರಾವಳಿ_ಕೂಸು
ಡಬ್ಬಿಂಗ್ ಚರ್ಚೆ ಬೇರೆ ಕಡೆ ಇಟ್ಟುಕೊಳ್ಳುವ, ಇಲ್ಲಿ ಶುರುವಾದ್ರೆ ಮುಗಿಯಲ್ಲ. ಸೀರೀಸ್ ಮಾಡೋರು ಏನು ತಯಾರಿ ಇಟ್ಟುಕೊಂಡು ಹೋಗಬೇಕು ಅಂತ ಗೊತ್ತಿದ್ದವರು ಹೇಳಿ.

ಧ್ವನಿಪೆಟ್ಟಿಗೆ
ತಾಂತ್ರಿಕವಾಗಿ ಹೆಚ್ಚು ಜನ ಸಿಕ್ಕಿಬೀಳೋದು ಶಬ್ದದಲ್ಲಿ. ನೆಟ್‌ಫ್ಲಿಕ್ಸ್‌ಗೆ 5.1 ಮಿಕ್ಸ್ ಬೇಕು, ಅಂದ್ರೆ ಸುತ್ತಲಿನ ಆರು ಸ್ಪೀಕರ್‌ಗೆ ಹಂಚಿದ ಶಬ್ದ. ಸಂಭಾಷಣೆಯನ್ನ ಅಳತೆಗೋಲಾಗಿಟ್ಟು ಇಡೀ ಕಂತಿನ ಸರಾಸರಿ -27 ಎಲ್‌ಕೆಎಫ್‌ಎಸ್ (ಕಿವಿಗೆ ಕೇಳೋ ಜೋರಿನ ಅಳತೆ) ಇರಬೇಕು, 2 ಯೂನಿಟ್ ಮೇಲೆ ಅಥವಾ ಕೆಳಗೆ ಆಗಬಹುದು. ಟ್ರೂ ಪೀಕ್, ಅಂದ್ರೆ ಅತಿ ಜೋರಿನ ಕ್ಷಣ, -2 ಡೆಸಿಬಲ್ ದಾಟಬಾರದು. ಥಿಯೇಟರ್‌ಗೆ ಮಿಕ್ಸ್ ಮಾಡಿದ್ದನ್ನ ಹಾಗೇ ಕಳಿಸಿದ್ರೆ ವಾಪಸ್ ಬರುತ್ತೆ. ಬರೀ ವಾಲ್ಯೂಮ್ ಇಳಿಸಿದ್ರೆ ಮಾತು ಕೇಳಲ್ಲ, ಹಿನ್ನೆಲೆ ಸಂಗೀತ ಕೂಗುತ್ತೆ. ಮನೆ ಟಿವಿಗೆ ಅಂತಲೇ ಮತ್ತೆ ಮಿಕ್ಸ್ ಮಾಡಬೇಕು.

ಅದಕ್ಕಿಂತ ದೊಡ್ಡ ತಲೆನೋವು ಎಂ ಅಂಡ್ ಇ ಟ್ರ್ಯಾಕ್. ಅಂದ್ರೆ ಮಾತು ತೆಗೆದು ಸಂಗೀತ ಮತ್ತು ಉಳಿದ ಶಬ್ದ ಮಾತ್ರ ಇರೋದು. ಬೇರೆ ಭಾಷೆಗೆ ಡಬ್ ಮಾಡೋಕೆ ಇದೇ ಆಧಾರ. ಸೆಟ್‌ನಲ್ಲೇ ಮಾತು ರೆಕಾರ್ಡ್ ಮಾಡಿದಾಗ ಹೆಜ್ಜೆ, ಬಟ್ಟೆ ಸದ್ದು, ಲೋಟ ಇಡೋ ಸದ್ದು ಎಲ್ಲ ಮಾತಿನ ಟ್ರ್ಯಾಕ್‌ನಲ್ಲೇ ಸಿಕ್ಕಿರುತ್ತೆ. ಮಾತು ತೆಗೆದ ಕೂಡಲೇ ಅವೂ ಹೋಗ್ತವೆ. ಇಬ್ಬರು ಅಡುಗೆಮನೆಯಲ್ಲಿ ಮಾತಾಡೋ ದೃಶ್ಯ ಅಂದ್ಕೊಳ್ಳಿ: ಹಿಂದಿ ಡಬ್‌ನಲ್ಲಿ ಪಾತ್ರೆ ಅಲ್ಲಾಡ್ತಿರುತ್ತೆ, ಸದ್ದೇ ಇರಲ್ಲ. ಅದಕ್ಕೆ ಪ್ರತಿ ಕಂತಿಗೂ ಪೂರ್ತಿ ಫೋಲಿ, ಅಂದ್ರೆ ಈ ಸದ್ದುಗಳನ್ನ ಸ್ಟುಡಿಯೋದಲ್ಲಿ ಮತ್ತೆ ಹುಟ್ಟಿಸೋ ಕೆಲಸ, ಮಾಡಿಸಬೇಕು. ಬಜೆಟ್‌ನಲ್ಲಿ ಮೊದಲು ಕತ್ತರಿ ಬೀಳೋದೇ ಅದಕ್ಕೆ, ಕೊನೆಗೆ ಕಂತು ನಿಲ್ಲೋದೂ ಅಲ್ಲೇ.

ಸಂಕಲನ_ಕೋಣೆ
ಚಿತ್ರದ ಕಡೆ: ನೆಟ್‌ಫ್ಲಿಕ್ಸ್‌ನ ಒಪ್ಪಿಗೆ ಇರೋ 4ಕೆ ಕ್ಯಾಮೆರಾ ಪಟ್ಟಿ ಇದೆ, ಕತೆಯ ಸೀರೀಸ್ ಆದರೆ ಕನಿಷ್ಠ 90 ಪರ್ಸೆಂಟ್ ಅವಧಿ ಅದರಲ್ಲೇ ಶೂಟ್ ಆಗಿರಬೇಕು. ಡ್ರೋನ್, ಆ್ಯಕ್ಷನ್ ಕ್ಯಾಮೆರಾ ಎಲ್ಲ ಉಳಿದ 10ರಲ್ಲಿ. ಮೊದಲೇ ಶೂಟ್ ಮಾಡಿಟ್ಟು ಆಮೇಲೆ ಮಾರೋ ಯೋಚನೆ ಇದ್ದವರು ಮೊದಲ ದಿನದಿಂದಲೇ ಇದನ್ನ ನೋಡ್ಕೊಳ್ಳಿ.

ಹಕ್ಕುಪತ್ರ
ಕಾಗದಪತ್ರನೂ ಅಷ್ಟೇ ಮುಖ್ಯ. ಕತೆಗಾರರಿಂದ ನಿರ್ಮಾಪಕರವರೆಗೆ ಹಕ್ಕು ಹೇಗೆ ಬಂತು ಅನ್ನೋದಕ್ಕೆ ಸರಪಳಿಯಂತೆ ಒಂದೊಂದು ಕರಾರು ಇರಬೇಕು. ಬಾಯಿಮಾತಿಗೆ ಕೊಟ್ಟ ಕತೆ, ಸಹಿ ಇಲ್ಲದ ಸಂಭಾಷಣೆಕಾರರು, ಎಲ್ಲಿಂದಲೋ ತಗೊಂಡ ಭಾವಗೀತೆಯ ಎರಡು ಸಾಲು, ಇವು ಒಂದೊಂದೂ ಡೀಲ್ ನಿಲ್ಲಿಸ್ತವೆ. ಪ್ರತಿ ಹಾಡಿನ ತುಣುಕೂ ಎಷ್ಟು ಸೆಕೆಂಡ್, ಯಾರದು ಅಂತ ಕ್ಯೂ ಶೀಟ್ ಬೇಕು. ಹಣ ಕಂತಿನಲ್ಲಿ ಬರುತ್ತೆ: ಸಹಿ, ಚಿತ್ರಕತೆ ಒಪ್ಪಿಗೆ, ಶೂಟಿಂಗ್ ಶುರು, ಮೊದಲ ಕಟ್, ಕೊನೆಗೆ ತಾಂತ್ರಿಕ ಪರೀಕ್ಷೆ ಪಾಸಾದ ಮೇಲೆ. ಆ ಕೊನೆಯ ಕಂತು ಬರೋ ತನಕ ಸಾಲದ ಬಡ್ಡಿ ನಿಮ್ಮ ತಲೆ ಮೇಲೆ, ಅದನ್ನೂ ಬಜೆಟ್‌ನಲ್ಲಿ ಬರೆದಿಡಿ.

ಕರಾವಳಿ_ಕೂಸು
ಹಕ್ಕು ಪೂರ್ತಿ ಬಿಟ್ಟುಕೊಡದೆ ಮಾಡಲು ಸಾಧ್ಯ ಉಂಟಾ?

ತೆರೆಮರೆ
@ಕರಾವಳಿ_ಕೂಸು ಉಂಟು. ಪೂರ್ತಿ ದುಡ್ಡು ವೇದಿಕೆಯದ್ದಾದ್ರೆ ಕಷ್ಟ, ಭಾಗಶಃ ನಿಮ್ಮದಾದ್ರೆ ಇಂತಿಷ್ಟು ವರ್ಷದ ಲೈಸೆನ್ಸ್ ಕೇಳಿ. ಟಿವಿ ಪ್ರಸಾರದ ಹಕ್ಕು, ಬೇರೆ ಭಾಷೆಯಲ್ಲಿ ಮರುನಿರ್ಮಾಣದ ಹಕ್ಕು, ಪುಸ್ತಕ ಮತ್ತು ನಾಟಕದ ಹಕ್ಕು, ಇವನ್ನ ಹೆಸರಿಸಿ ಹೊರಗಿಡಿ. 'ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ' ಅನ್ನೋ ಸಾಲು ಇದ್ರೆ ಸಹಿಗೆ ಮೊದಲು ವಕೀಲರಿಗೆ ತೋರಿಸಿ. ವೇದಿಕೆ ಸೀರೀಸನ್ನ ಕೆಳಗಿಳಿಸಿದರೆ ಇಂತಿಷ್ಟು ತಿಂಗಳೊಳಗೆ ಹಕ್ಕು ನಿರ್ಮಾಪಕರಿಗೆ ವಾಪಸ್ ಬರಬೇಕು ಅಂತಲೂ ಬರೆಸಿ. ಮೇಲೆ ಲೆಕ್ಕಿಗರು ಹೇಳಿದ ಡಿಸ್ನಿ ಥರದ ಪ್ರಸಂಗದಲ್ಲಿ ಕೃತಿ ಬದುಕೋಕೆ ಇರೋ ದಾರಿ ಇದು.

ಧ್ವನಿಪೆಟ್ಟಿಗೆ
ಅದರ ಜೊತೆ ಇನ್ನೊಂದು ಸಾಲು ಸೇರಿಸಿ: ಮಾಸ್ಟರ್ ಫೈಲ್ ಮತ್ತು ಬಿಡಿಬಿಡಿ ಸೌಂಡ್ ಸ್ಟೆಮ್‌ಗಳ (ಮಾತು, ಸಂಗೀತ, ಉಳಿದ ಸದ್ದು ಬೇರೆ ಬೇರೆ ಇರೋ ಫೈಲ್‌ಗಳ) ಒಂದು ಪ್ರತಿ ನಿರ್ಮಾಪಕರ ಬಳಿಯೂ ಇರಬೇಕು. ಎರಡು ಹಾರ್ಡ್ ಡಿಸ್ಕ್, ಎರಡು ಬೇರೆ ಊರಲ್ಲಿ. ಹಕ್ಕು ವಾಪಸ್ ಬಂದರೂ ಫೈಲ್ ಇಲ್ಲದಿದ್ರೆ ಮಾರೋಕೆ ಏನೂ ಇರಲ್ಲ.